ಬಗ್ದಾದಿನವರು ಯಾರು?

ಗೆಂಡೆಹಳ್ಳಿಯ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದು ‘ನಿಮ್ಮ ಮೂಲ ಊರು ಯಾವುದು?’ ಎಂದು. ಕಾಫಿ ತೋಟದ ಕೆಲಸಕ್ಕೋ ವ್ಯಾಪಾರಕ್ಕೋ ಅಜ್ಜ ಬಂದು ನೆಲೆಸಿದ್ದರೆ, ಇಲ್ಲೇ ಹುಟ್ಟಿದ ಮೊಮ್ಮಗನೂ ಇದಕ್ಕೆ ಉತ್ತರ ಹೇಳಬೇಕು. ಖತೀಬ್ ಬಗ್ದಾದಿಯವರ ‘ತಾರೀಖ್ ಬಗ್ದಾದ್’ ಓದುವಾಗ ನಮಗೆ ಈ ಪ್ರಶ್ನೆಯೇ ಮತ್ತೆ ಮತ್ತೆ ನೆನಪಾಯಿತು.

ಹನ್ನೊಂದನೇ ಶತಮಾನದ ಈ ಅರಬಿ ಗ್ರಂಥದಲ್ಲಿ 7,800ಕ್ಕೂ ಹೆಚ್ಚು ಜನರ ಪರಿಚಯವಿದೆ. 1931ರಲ್ಲಿ ಕೈರೋದಲ್ಲಿ ಅಚ್ಚಾದಾಗ 14 ಸಂಪುಟಗಳಾದವು. ಬಗ್ದಾದಿನಲ್ಲಿ ಹುಟ್ಟಿದವರು ಮಾತ್ರವಲ್ಲ, ಬೇರೆಡೆಯಿಂದ ಬಂದು ನೆಲೆಸಿದವರು, ನಾಲ್ಕು ದಿನ ಹದೀಸ್ ಕಲಿಸಿ ಮುಂದೆ ಹೋದವರು, ಎಲ್ಲರೂ ಇಲ್ಲಿ ಬಗ್ದಾದಿನವರೇ. ಹೀಗೆ ಬರೆದ ಖತೀಬರೇ 1059ರಲ್ಲಿ ರಾಜಕೀಯ ಗಲಭೆಯಿಂದಾಗಿ ಊರು ಬಿಡಬೇಕಾಯಿತು. ಕೊನೆಗಾಲಕ್ಕೆ ಮರಳಿ ಬಂದು, 1071ರಲ್ಲಿ ಅಲ್ಲೇ ಮಣ್ಣಾದರು.

ಕೂಫಾದಲ್ಲಿ ಹುಟ್ಟಿ ಬಗ್ದಾದಿನಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ ಅವರಿಗೆ ನೂರಕ್ಕೂ ಹೆಚ್ಚು ಪುಟಗಳು ಸಂದಿವೆ. ಹನಫಿಗಳಾದ ನಮಗೆ ಆ ಪುಟಗಳು ಸುಲಭದ ಓದಲ್ಲ. ಹೊಗಳಿಕೆಯ ಜತೆಗೆ ಕಟು ನಿಂದನೆಗಳನ್ನೂ, ಯಾರು ಯಾರಿಗೆ ಹೇಳಿದರೆಂಬ ಸರಪಳಿ ಸಮೇತ ಪೇರಿಸಿಟ್ಟಿದ್ದಾರೆ. ಸರಪಳಿ ಕೊಟ್ಟ ಮಾತ್ರಕ್ಕೆ ಬರೆದವರ ಹೊಣೆ ತೀರುತ್ತದೆಯೇ? ಇಪ್ಪತ್ತನೇ ಶತಮಾನದಲ್ಲಿ ಝಾಹಿದ್ ಅಲ್ ಕೌಸರಿ ಎಂಬ ವಿದ್ವಾಂಸರು ಇದಕ್ಕೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು.

ಮೊದಲ ಭಾಗದ ನಗರ ವರ್ಣನೆಯನ್ನು ನಾವು ಓದಿದ್ದು ನಮ್ಮ ಅರೆಬರೆ ಅರಬಿಯ ಪಕ್ಕದಲ್ಲಿ ಲ್ಯಾಸ್ನರ್ ಅವರ 1970ರ ಇಂಗ್ಲಿಷ್ ಅನುವಾದ ಇಟ್ಟುಕೊಂಡು. 762ರಲ್ಲಿ ಖಲೀಫ ಮನ್ಸೂರ್ ಆರಂಭಿಸಿದ ದುಂಡಗಿನ ನಗರ, ಅದರ ನಾಲ್ಕು ಬಾಗಿಲು, ಸೇತುವೆಗಳು, ಕಾಲುವೆಗಳು, ಖಬರಸ್ತಾನಗಳು. 60 ಸಾವಿರ ಹಮ್ಮಾಮುಗಳಿದ್ದವೆಂಬ ಲೆಕ್ಕವನ್ನು ನಾವಂತೂ ನಂಬಲಾರೆವು. ಆದರೆ ಕೋಟೆಗೋಡೆ ಕಟ್ಟಿದ ರಬಾಹ್ ಎಂಬ ಗಾರೆ ಕೆಲಸದವನ ಮಾತನ್ನು ಖತೀಬರು ಹೆಸರು ಹಿಡಿದೇ ದಾಖಲಿಸಿದ್ದಾರೆ: ಕೆಳಗಿನ ಒಂದೊಂದು ಸಾಲಿಗೆ 1,62,000 ಇಟ್ಟಿಗೆ ಹಿಡಿದವಂತೆ. ನಮ್ಮ ಬೇಲೂರಿನಲ್ಲೂ ದಾಸೋಜ ಮತ್ತು ಮಗ ಚಾವಣ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡರು. ಅವರು ಬಳ್ಳಿಗಾವೆಯವರು. ಅವರನ್ನು ಹೊರಗಿನವರೆಂದು ಬೇಲೂರಿನಲ್ಲಿ ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಅದೇ ಚನ್ನಕೇಶವನ ರಥೋತ್ಸವದಲ್ಲಿ ಕುರ್‌ಆನ್ ಪಠಿಸುವ ಹಳೆಯ ವಾಡಿಕೆ ಬೇಡವೆಂದು 2022ರಲ್ಲಿ ಕೆಲವರು ತಕರಾರು ತೆಗೆದರು. ಪಠಣವೂ ನಡೆಯಿತು, ತೇರೂ ಸಾಗಿತು.

ಎಲ್ಲರನ್ನೂ ಒಳಗೆ ಕರೆದ ಖತೀಬರು ಹೆಂಗಸರ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಿದ್ದಾರೆ. ಕೊನೆಯ ಸಂಪುಟದ ತುದಿಯಲ್ಲಿ ಅವರಿಗೆ ಕೆಲವೇ ಪುಟ. ಕಥೆ ಬರೆಯುವ ನಮಗೆ ಬೇಕಾದದ್ದು ಸಿಕ್ಕಿದ್ದು ಅಲ್ಲೇ ಎನ್ನುವುದು ಬೇರೆ ಮಾತು. ಸೂಫಿ ಬಿಶ್ರ್ ಹಾಫಿಯವರ ತಂಗಿ ಮುಖ್ಖಾ ಹತ್ತಿ ನೂತು ಬದುಕುವವಳು, ಬಂಡವಾಳ ಎರಡು ದಾನಿಕ್ ಪುಡಿಗಾಸು. ಒಂದು ರಾತ್ರಿ ಗಸ್ತಿನ ಅಧಿಕಾರಿ ಪಂಜು ಹಿಡಿಸಿಕೊಂಡು ಬಂದು ಬೀದಿಯಲ್ಲಿ ಮಾತಾಡುತ್ತ ನಿಂತಾಗ, ಆ ಬೆಳಕಿನಲ್ಲಿ ನಾಲ್ಕು ಎಳೆ ನೂತಳು. ಸರಕಾರದ ಬೆಳಕಿನಲ್ಲಿ ನೂತದ್ದು ಹಲಾಲೇ ಎಂದು ಇಮಾಮ್ ಅಹ್ಮದ್ ಇಬ್ನ್ ಹಂಬಲರನ್ನು ಕೇಳಲು ಹೋದಳು. ಆ ಎರಡು ದಾನಿಕ್‌ಗಳನ್ನೂ ಕೊಟ್ಟುಬಿಡು ಎಂದರಂತೆ ಇಮಾಮರು. ಬಂಡವಾಳವೇ ಹೋದ ಮೇಲೆ ಆ ವಾರ ಅವಳು ಏನು ಉಂಡಳೆಂದು ಖತೀಬರು ಬರೆದಿಲ್ಲ.