ಆಕ್ವಾದ ನಿರೀಕ್ಷೆಯಲ್ಲಿ

2000ನೆಯ ಇಸವಿಯ ಜನವರಿಯಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮ್ಯಾಕ್‌ವರ್ಲ್ಡ್ ಸಮಾವೇಶದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಅವರು ಮ್ಯಾಕ್ ಓಎಸ್ ಟೆನ್ ಎಂಬ ಕಾರ್ಯಾಚರಣ ವ್ಯವಸ್ಥೆಯ ನೂತನ ವೇಷವಾದ ‘ಆಕ್ವಾ’ವನ್ನು ಅನಾವರಣಗೊಳಿಸಿದಂದಿನಿಂದ, ಅದು ಪೂರ್ಣರೂಪದಲ್ಲಿ ಗ್ರಾಹಕರ ಕೈಸೇರಿದ 2001ರ ಮಾರ್ಚ್ 24ರವರೆಗಿನ ಅವಧಿಯು, ಗಣಕಯಂತ್ರದ ಸೌಂದರ್ಯದಲ್ಲಿ ಆಸಕ್ತರಾದವರಿಗೆಲ್ಲ ಒಂದು ದೀರ್ಘವಾದ, ಆದರೆ ಸವಿಯಾದ ಪ್ರತೀಕ್ಷೆಯಾಗಿ ಪರಿಣಮಿಸಿತು. ಅದುವರೆಗಿನ ಕಿಟಕಿಗಳು ಬೂದುಬಣ್ಣದ ಚೌಕಟ್ಟುಗಳು. ಇಲ್ಲಿಯಾದರೋ ಗುಂಡಿಗಳು ಬೆಳಕನ್ನು ಒಳಗಿಟ್ಟುಕೊಂಡ ಜಲಬಿಂದುಗಳಂತೆ ಹೊಳೆದುವು, ಕಿಟಕಿಯ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು ಮಣಿಗಳು ಮೂಡಿದುವು, ಬದಿಗಿರಿಸಿದ ಕಿಟಕಿಯು ಬಳುಕುತ್ತ ಕಿರಿದಾಗುತ್ತ ತಳದ ‘ಡಾಕ್’ನೊಳಕ್ಕೆ ಇಳಿದುಹೋಯಿತು. ನೋಡಿದವರಿಗೆ ನೆಕ್ಕಬೇಕೆನಿಸಬೇಕೆಂಬುದು ತಮ್ಮ ಗುರಿಗಳಲ್ಲೊಂದೆಂದು ಜಾಬ್ಸ್ ಹೇಳಿದ್ದುಂಟು. ರಸನೇಂದ್ರಿಯಕ್ಕೂ ಗಣಕಕ್ಕೂ ನಂಟು ಕಲ್ಪಿಸಿದ ಈ ಮಾತು ಕೊಂಚ ಅತಿಯೆನಿಸಿದರೂ ಸುಳ್ಳಲ್ಲ.

ಈ ವೈಭವವು ಕೇವಲ ಲೇಪನವಾಗಿರಲಿಲ್ಲ. ನೆಕ್ಸ್ಟ್ ಸಂಸ್ಥೆಯಿಂದ ಬಂದ ಯುನಿಕ್ಸ್ ಬುನಾದಿಯ ಮೇಲೆ, ಪಿಡಿಎಫ್‌ನ ಚಿತ್ರಣಕ್ರಮವನ್ನು ಅನುಸರಿಸಿದ ‘ಕ್ವಾರ್ಟ್ಸ್’ ಎಂಬ ವ್ಯವಸ್ಥೆಯು ಅಂಚುಗಳನ್ನು ನಯಗೊಳಿಸಿ, ನೆರಳನ್ನೂ ಪಾರದರ್ಶಕತೆಯನ್ನೂ ತಾನೇ ಲೆಕ್ಕಹಾಕಿ ಚಿತ್ರಿಸುತ್ತಿದ್ದುದರಿಂದಲೇ ಅದು ಸಾಧ್ಯವಾದುದು. ಅಂದಿನ ಯಂತ್ರಗಳು ಆ ಭಾರಕ್ಕೆ ಏದುಸಿರು ಬಿಟ್ಟುದೂ ಅದರಿಂದಲೇ.

2000ದ ಸೆಪ್ಟೆಂಬರಿನಲ್ಲಿ 29.95 ಡಾಲರ್ ತೆತ್ತು ಪರೀಕ್ಷಾರ್ಥ ಆವೃತ್ತಿಯನ್ನು ಕೊಂಡವರು, ಮೇಲ್ಪಟ್ಟಿಯ ನಡುವೆ ಯಾವ ಕೆಲಸವನ್ನೂ ಮಾಡದೆ ಬರಿಯ ಅಲಂಕಾರವಾಗಿದ್ದ ಸೇಬಿನ ಚಿಹ್ನೆಯನ್ನು ಕಂಡು ಗೊಣಗಿದರು. ಅಂತಿಮ ಆವೃತ್ತಿಯಲ್ಲಿ ಅದು ಎಡಮೂಲೆಯ ತನ್ನ ಹಳೆಯ ಸ್ಥಾನಕ್ಕೆ ಮರಳಿ ಉದ್ಯೋಗಸ್ಥವಾಯಿತು. ಆಕ್ವಾದ ಕಿಟಕಿಗಳ ಹಿನ್ನೆಲೆಯನ್ನು ತುಂಬಿದ್ದ ಸಣ್ಣ ಗೆರೆಗಳನ್ನೂ ಆಗಲೇ ಅಳಿಸಿಬಿಟ್ಟಿದ್ದರೆ ನನಗೆ ಇನ್ನಷ್ಟು ಸಂತೋಷವಾಗುತ್ತಿತ್ತು.