ರಿವೆಟ್ ಎಣಿಸುವವರು ಎಣಿಸದೆ ಬಿಟ್ಟದ್ದು

ಈ ಸಲ ಒಂದು ಪ್ಲಾಸ್ಟಿಕ್ ವಿಮಾನದ ವಿಮರ್ಶೆ. ಪುಸ್ತಕ, ಸಿನಿಮಾ ಬಿಟ್ಟು ಇವನು ಆಟಿಕೆ ಡಬ್ಬಿಗೆ ಯಾಕೆ ಬಂದ ಅಂತ ನಿಮಗೆ ಅನ್ನಿಸಬಹುದು. ಆದರೆ ಸ್ಕೇಲ್ ಮಾಡೆಲ್ ಕೂಡ ಏನನ್ನೋ ಹೇಳುತ್ತದೆ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ನನ್ನ ತಕರಾರು ಆ ತೀರ್ಮಾನದ ಮೇಲೆ.

ವಿಮಾನ ಜರ್ಮನಿಯ ಮೆಸರ್‌ಶ್ಮಿಟ್ 262. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಯುದ್ಧಕ್ಕೆ ಇಳಿದ ಜೆಟ್ ಫೈಟರ್. ಜೆಟ್ ಎಂಜಿನ್‌ಗಳ ಬಲದಿಂದಲೇ ಅದು ಮೊದಲು ಹಾರಿದ್ದು 1942ರ ಜುಲೈ 18ರಂದು. ನಾನು ಕಟ್ಟಿದ ಕಿಟ್ 1/32 ಸ್ಕೇಲ್‌ನದು. ಅಂದರೆ ನಿಜವಾದ ವಿಮಾನದ 32 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮೂತಿಯಿಂದ ಬಾಲಕ್ಕೆ 33 ಸೆಂ.ಮೀ., ರೆಕ್ಕೆ ತುದಿಯಿಂದ ತುದಿಗೆ 39 ಸೆಂ.ಮೀ. ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಅವನು ಐದು ಸೆಂಟಿಮೀಟರ್ ಚಿಲ್ಲರೆ ಎತ್ತರ. ಈ ಐದು ಸೆಂಟಿಮೀಟರ್ ನೆನಪಿಟ್ಟುಕೊಳ್ಳಿ.

ಕಿಟ್ ಮಾಡಿದ ಕಂಪನಿಯ ಹೆಸರು ಹೇಳಲ್ಲ. ನಾನು ಹೇಳಹೊರಟ ದೋಷ ಅವರೊಬ್ಬರದೇ ಅಲ್ಲ.

ಮೊದಲು ಮೆಚ್ಚುಗೆ. ಎಂಜಿನ್‌ಗಳ ಕೆಲಸ ಸೊಗಸಾಗಿದೆ. ಮುಚ್ಚಳ ತೆರೆದರೆ ಯೂಮೋ 004 ಎಂಜಿನ್ನಿನ ಪೈಪುಗಳು ಒಂದೊಂದೂ ಕಾಣುತ್ತವೆ. ಮೂತಿಯೊಳಗೆ ನಾಲ್ಕು 30 ಮಿ.ಮೀ. ಫಿರಂಗಿಗಳು ಒತ್ತೊತ್ತಾಗಿ ಕೂತಿವೆ. ಇದು ಮೂರು ಗಾಲಿಯ ವಿಮಾನ, ಮುಂದೆ ಒಂದು ಗಾಲಿ. ಹಾಗಾಗಿ ಮೂತಿಯಲ್ಲಿ ಭಾರ ಇಲ್ಲದಿದ್ದರೆ ಮಾಡೆಲ್ ಬಾಲದ ಮೇಲೆ ಕೂತುಬಿಡುತ್ತೆ. ಎಲ್ಲವನ್ನೂ ಅಂಟಿಸಿ ಮುಗಿಸುವ ಮೊದಲೇ ಸೀಸದ ಗುಂಡುಗಳನ್ನು ಸಿಕ್ಕ ಸಂದಿಯಲ್ಲೆಲ್ಲ ತುಂಬಬೇಕು. ಅಂಟು ಒಣಗಿದ ಮೇಲೆ ನೆನಪಾದರೆ, ನನ್ನ ಹಾಗೆ, ಒಂದು ವಾರ ತಲೆ ಚಚ್ಚಿಕೊಳ್ಳಬೇಕು.

ಈಗ ಮೊದಲ ತಕರಾರು: ರಿವೆಟ್. ಕಿಟ್‌ನ ಮೈತುಂಬ ಸಾಲುಸಾಲು ರಿವೆಟ್ ಗುಳಿಗಳು, ಆಳವಾದ ಪ್ಯಾನೆಲ್ ಲೈನ್‌ಗಳು. ನೋಡಲು ಬಹಳ ಚೆನ್ನ, ಆದರೆ ನಿಜವಲ್ಲ. ಕಾರ್ಖಾನೆಯಲ್ಲಿ ತಗಡುಗಳು ಸೇರುವ ಜಾಗಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಮೈಯನ್ನು ನಯ ಮಾಡುತ್ತಿದ್ದರು. ಯುದ್ಧದ ಕೊನೆಯ ದಿನಗಳ ಫೋಟೊಗಳಲ್ಲಿ ಬಣ್ಣವನ್ನೇ ಕಾಣದ ವಿಮಾನಗಳಿವೆ, ಬೋಳು ಲೋಹದ ಮೇಲೆ ಪುಟ್ಟಿಯ ಪಟ್ಟೆಗಳು. ಅಂದರೆ ಡಿಟೇಲ್ ಹೆಚ್ಚಾದಷ್ಟೂ ನಿಜಕ್ಕೆ ಹತ್ತಿರ ಅಂತೇನಿಲ್ಲ. ನನ್ನ ಕಸುಬಿನಲ್ಲೂ ಇದು ದಿನಾ ಎದುರಾಗುತ್ತೆ: ದಶಮಾಂಶ ಬಿಂದುವಿನ ಮುಂದೆ ಆರು ಅಂಕಿ ಇದ್ದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ.

ಎರಡನೇ ತಕರಾರು ದೊಡ್ಡದು. ಅದಕ್ಕೆ ನಿಮ್ಮನ್ನು ಸ್ವಲ್ಪ ರಸ್ತೆಗೆ ಕರೆದುಕೊಂಡು ಹೋಗಬೇಕು.

ಮಾಸ್ಟರ್ಸ್ ಮುಗಿಸಿ ಕೆಲಸ ಸಿಕ್ಕ ಮೇಲೆ ನಾಲ್ಕು ವರ್ಷ ನಾನು ಸ್ಟುಟ್‌ಗಾರ್ಟ್ ಪಕ್ಕದ ಲಿಯೊನ್‌ಬೆರ್ಗ್ ದಾಟಿ ಆಫೀಸಿಗೆ ಹೋಗುತ್ತಿದ್ದೆ. ಎ81 ಹೆದ್ದಾರಿ ಅಲ್ಲಿ ಎಂಗೆಲ್‌ಬೆರ್ಗ್ ಸುರಂಗದೊಳಗೆ ನುಗ್ಗುತ್ತೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬೈದುಕೊಂಡದ್ದು ಎಷ್ಟು ಸಲವೋ. ಒಂದು ಭಾನುವಾರ ಆ ಕಡೆ ನಡೆದುಕೊಂಡು ಹೋದಾಗ ಹಳೆಯ ಸುರಂಗದ ಬಾಯಿ ಸಿಕ್ಕಿತು. 1938ರದು, ಜರ್ಮನಿಯ ಮೊದಲ ಆಟೊಬಾನ್ ಸುರಂಗ. ಹೊಸದು ಬಂದ ಮೇಲೆ ಅದನ್ನು ಮುಚ್ಚಿದ್ದಾರೆ. ಅದರ ಮುಂದೆ ಕಬ್ಬಿಣದ ಹಲಗೆಗಳ ಗೋಡೆ, ಗೋಡೆ ತುಂಬ ಕೊರೆದ ಹೆಸರುಗಳು.

1944ರ ವಸಂತದಿಂದ 1945ರ ಏಪ್ರಿಲ್‌ವರೆಗೆ ಆ ಸುರಂಗ ಒಂದು ಕಾರ್ಖಾನೆಯಾಗಿತ್ತು. ಲಿಯೊನ್‌ಬೆರ್ಗ್ ಕಾನ್ಸಂಟ್ರೇಷನ್ ಕ್ಯಾಂಪಿನ ಕೈದಿಗಳು ಅಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ರಿವೆಟ್ ಹೊಡೆದರು. ಅವರು ಮಾಡುತ್ತಿದ್ದದ್ದು ಮೆಸರ್‌ಶ್ಮಿಟ್ 262ರ ರೆಕ್ಕೆ. ಹಸಿವು, ರೋಗ, ಹೊಡೆತದಿಂದ ನೂರಾರು ಜನ ಸತ್ತರು. ನನ್ನ ಮೇಜಿನ ಮೇಲೆ ಆ ವಾರ ಒಣಗಲು ಇಟ್ಟಿದ್ದದ್ದು ಅದೇ ರೆಕ್ಕೆ.

ಲಿಯೊನ್‌ಬೆರ್ಗ್ ಒಂದೇ ಅಲ್ಲ. ಆಸ್ಟ್ರಿಯಾದ ಗುಸೆನ್‌ನಲ್ಲಿ ಕೈದಿಗಳಿಂದಲೇ ಬೆಟ್ಟ ಕೊರೆಸಿ, ಒಳಗೆ ಇದೇ ವಿಮಾನದ ಒಡಲು ಮಾಡಿಸಿದರು. ಆ ಸುರಂಗಕ್ಕೆ ಇಟ್ಟ ಗುಪ್ತನಾಮ ಬೆರ್ಗ್‌ಕ್ರಿಸ್ಟಾಲ್, ಅಂದರೆ ಸ್ಫಟಿಕ. ಕಾಲಾ ಊರಿನ ಪಕ್ಕದ ವಾಲ್ಪರ್ಸ್‌ಬೆರ್ಗ್ ಗುಡ್ಡದಲ್ಲೂ ಅದೇ ಕಥೆ. ಸುರಂಗದೊಳಗೆ ಜೋಡಣೆ, ಗುಡ್ಡದ ನೆತ್ತಿಯ ಮೇಲೆ ರನ್‌ವೇ.

ಮನೆಗೆ ಬಂದು ಕಿಟ್‌ನ ಕೈಪಿಡಿಯ ಮೊದಲ ಪುಟ ಮತ್ತೆ ಓದಿದೆ. ವೇಗ ಗಂಟೆಗೆ ಸುಮಾರು 870 ಕಿ.ಮೀ. ಅಂತ ಇದೆ. ಮೊದಲ ಹಾರಾಟದ ದಿನ ಇದೆ. ಹಿಂದಿನ ಪುಟದಲ್ಲಿ ಪೈಲಟ್ ಇದ್ದ ಸ್ಕ್ವಾಡ್ರನ್, ವಿಮಾನ ನಿಲ್ದಾಣ, ತಿಂಗಳು, ಎಲ್ಲ ಇದೆ. ಕೊನೆಗೆ ಆ ಹಳೇ ವಾಕ್ಯ: ತೀರಾ ತಡವಾಗಿ ಬಂತು, ತೀರಾ ಕಮ್ಮಿ ಬಂತು. ಈ ವಾಕ್ಯ ನೂರಾರು ಕಡೆ ಓದಿದ್ದೆ, ಒಮ್ಮೆಯೂ ತಡೆದು ಕೇಳಿರಲಿಲ್ಲ: ಯಾರಿಗೆ ತಡ? ಆ ಒಂದು ವಾಕ್ಯದಲ್ಲಿ ಓದುಗ ತನಗೇ ಗೊತ್ತಿಲ್ಲದೆ ಹಿಟ್ಲರನ ಪರ ನಿಂತು ನಿಟ್ಟುಸಿರು ಬಿಡುತ್ತಾನೆ.

ಒಟ್ಟು ಸುಮಾರು 1,430 ವಿಮಾನ ತಯಾರಾದವು. ಕಟ್ಟಿದವರ ಬಗ್ಗೆ ಕೈಪಿಡಿಯಲ್ಲಿ ಒಂದು ಅಕ್ಷರ ಇಲ್ಲ. ಎಂಜಿನ್ 10ರಿಂದ 25 ಗಂಟೆ ಮಾತ್ರ ಬಾಳುತ್ತಿತ್ತು, ನಿಕ್ಕಲ್, ಕ್ರೋಮಿಯಂ ಸಿಗುತ್ತಿರಲಿಲ್ಲ ಅಂತ ನಮ್ಮ ಹವ್ಯಾಸಿಗಳು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಲೋಹದ ಕೊರತೆ ಗೊತ್ತು, ಮನುಷ್ಯರ ಸುದ್ದಿ ಬೇಡ. ಹಸಿರು ಬಣ್ಣದ ಛಾಯೆ 82ಓ 83ಓ ಅಂತ ದಶಕಗಳಿಂದ ಜಗಳ ಆಡುತ್ತಾ ಬಂದಿದ್ದೇವೆ. ಡೇಟಾ ಕೆಲಸದಲ್ಲಿ ಕಾಲಂ ಇದ್ದು ಖಾಲಿ ಬಿದ್ದಿದ್ದರೆ ಯಾರಾದರೂ ಗಮನಿಸುತ್ತಾರೆ. ಕಾಲಂ ಅನ್ನೇ ಮಾಡದಿದ್ದರೆ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು ವಿಷಯ. ಜರ್ಮನಿಯ ಕಾನೂನಿನ ಕಾರಣ ಇಲ್ಲಿ ಮಾರುವ ಕಿಟ್‌ಗಳ ಡೆಕಾಲ್‌ನಲ್ಲಿ ನಾಜಿ ಚಿಹ್ನೆ ಸಾಮಾನ್ಯವಾಗಿ ಇರುವುದಿಲ್ಲ, ಅಥವಾ ತುಂಡು ಮಾಡಿ ಕೊಟ್ಟಿರುತ್ತಾರೆ. ಅದು ಸರಿಯೇ. ಆದರೆ ಬಾಲದ ಮೇಲೆ ಚಿಹ್ನೆಯೂ ಇಲ್ಲ, ಒಳಗೆ ಕೈದಿಗಳ ಮಾತೂ ಇಲ್ಲ ಅಂದಾಗ ಉಳಿಯುವುದು ಬರೀ ಒಂದು ಚೆಂದದ ಯಂತ್ರ. ನನಗೆ ಅದರ ಮೇಲೆ ಮೋಹ ಹುಟ್ಟಿದ್ದೂ ಹಾಗೆಯೇ, ಸುಳ್ಳು ಹೇಳಲ್ಲ.

ಇದನ್ನೆಲ್ಲ ಹೇಳಿದಾಗ ಇಲ್ಲಿನ ಒಬ್ಬ ಗೆಳೆಯ, ಮಂಗಳೂರಿನವನು, "ಹವ್ಯಾಸಕ್ಕೂ ಪಾಪಪ್ರಜ್ಞೆ ಬೇಕಾ ಮಾರಾಯ?" ಅಂದ. ನ್ಯಾಯವಾದ ಪ್ರಶ್ನೆ. ಇದು ಬರೀ ಆಟಿಕೆ ಅಂದಿದ್ದರೆ ನನಗೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಈ ಹವ್ಯಾಸ ತನ್ನನ್ನು ಆಟ ಅಂತ ಕರೆದುಕೊಳ್ಳಲ್ಲ. ದಿನಾಂಕ, ಸ್ಥಳ, ಬಣ್ಣದ ಸಂಖ್ಯೆ ಕೊಟ್ಟು ತಾನು ಇತಿಹಾಸ ಅನ್ನುತ್ತೆ. ಹಾಗಾದರೆ ಇತಿಹಾಸದ ಲೆಕ್ಕವನ್ನೇ ಕೊಡಬೇಕಲ್ವಾ?

ಕಟ್ಟುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಮುಗಿಸಿದೆ. ರಿವೆಟ್ ಗುಳಿಗಳನ್ನು ಮುಚ್ಚಿ, ಬೋಳು ಲೋಹ ಮತ್ತು ಪುಟ್ಟಿ ಪಟ್ಟೆಯಲ್ಲೇ ಬಿಟ್ಟೆ. ಐದು ಸೆಂಟಿಮೀಟರ್ ಎತ್ತರದ ಕೈದಿಯ ಗೊಂಬೆ ಮಾಡಿ ಪಕ್ಕದಲ್ಲಿ ನಿಲ್ಲಿಸೋಣ ಅಂತ ಯೋಚನೆ ಬಂತು. ಸಣ್ಣ ಕುಂಚ ಹಿಡಿದು ಪಟ್ಟೆ ಅಂಗಿಗೆ ನೆರಳು ಹಾಕುತ್ತಾ ಕೂರುವುದನ್ನು ನೆನೆದು ನಾಚಿಕೆಯಾಯಿತು. ಬಿಟ್ಟೆ.

ಬದಲಿಗೆ ಕೆಳಗಿನ ಮರದ ಹಲಗೆಯ ಹೆಸರುಪಟ್ಟಿ ಬದಲಾಯಿಸಿದೆ. ನನ್ನ ಮಾಡೆಲ್‌ನ ಆ ಒಂದು ವಿಮಾನದ ರೆಕ್ಕೆ ಎಲ್ಲಿಯದು ಅಂತ ಹೇಳಕ್ಕಾಗಲ್ಲ. ಹಾಗಾಗಿ ಮೂರು ಸಲ ಬರೆದು ಅಳಿಸಿ, ಕೊನೆಗೆ ಹೀಗೆ ಬರೆದೆ: "ಈ ಮಾದರಿಯ ರೆಕ್ಕೆಗಳನ್ನು ಲಿಯೊನ್‌ಬೆರ್ಗ್ ಸುರಂಗದಲ್ಲಿ ಕೈದಿಗಳಿಂದ ಮಾಡಿಸಲಾಯಿತು, 1944–45." ಕನ್ನಡದಲ್ಲಿ ಒಂದು ಸಾಲು, ಜರ್ಮನ್‌ನಲ್ಲಿ ಒಂದು ಸಾಲು. ಮನೆಗೆ ಬಂದವರು ವಿಮಾನ ನೋಡುತ್ತಾರೆ, ಬಗ್ಗಿ ಅದನ್ನು ಓದುತ್ತಾರೆ, ಆಮೇಲೆ ಮಾತು ಬೇರೆ ಕಡೆ ಹೋಗುತ್ತೆ.

ನೀವು ಸ್ಟುಟ್‌ಗಾರ್ಟ್ ಕಡೆ ಇದ್ದರೆ ಒಮ್ಮೆ ಆ ಗೋಡೆ ನೋಡಿ ಬನ್ನಿ. ಬೇರೆ ಊರಲ್ಲಿದ್ದು ನಿಮ್ಮ ಮೇಜಿನ ಮೇಲೂ ಇಂಥ ಒಂದು ಡಬ್ಬಿ ಇದ್ದರೆ, ಅಂಟು ತೆಗೆಯುವ ಮೊದಲು ಕೈಪಿಡಿಯ ಮೊದಲ ಪುಟ ಓದಿ. ಅಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಅಂತ ನೋಡಿ.