ಸಂಜೆಯ ಬೊಗಸೆಗೆ ಉಸಲಿ

‘ಗೊಂಬೆ ಕೂರ್ಸಿದ್ದೀರಾ?’ ಎಂದು ಮನೆಮನೆಯ ಬಾಗಿಲಲ್ಲಿ ನಿಂತು ಕೇಳುವ ಮಕ್ಕಳು ಹಳೇ ಮೈಸೂರಿನ ಬೀದಿಗಳಲ್ಲಿ ಈಗ ಕಡಿಮೆ. ಬಂದವರ ಕೈಗೆ ಬೀಳುವುದೂ ಚಾಕೊಲೇಟು, ಇಲ್ಲವೇ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ. ಒಂದು ಕಾಲಕ್ಕೆ ನವರಾತ್ರಿಯ ಆ ಚರ್ಪು ಎಂದರೆ ಒಂದು ದಿನ ಕಡಲೆಕಾಳು, ಮರುದಿನ ಹೆಸರುಕಾಳು, ಅದರ ಮರುದಿನ ಅಲಸಂದೆ. ಯಾವ ಮನೆಯಲ್ಲಿ ಇವತ್ತು ಏನು ಎಂಬುದು ಮಕ್ಕಳಿಗೆ ಮೊದಲೇ ಗೊತ್ತಿರುತ್ತಿತ್ತು. ಉಸಲಿ ಚೆನ್ನಾಗಿ ಮಾಡುವ ಮನೆಗೆ ಎರಡೆರಡು ಸಲ ಹೋಗುವ ಚಾಲಾಕಿಗಳೂ ಇದ್ದರು. ಶರತ್ಕಾಲಕ್ಕೆ ಹಗುರವಾದ, ಒಳ್ಳೆಯ, ಸುಲಭದ ತಿಂಡಿ ಯಾವುದು ಎಂದು ಹುಡುಕಿಕೊಂಡು ದೂರ ಹೋಗುವವರಿಗೆ ನನ್ನ ಉತ್ತರ ಇದೇ: ಉಸಲಿ. ಜೊತೆಗೆ ಇದೇ ತಿಂಗಳುಗಳಲ್ಲಿ ಮಣ್ಣಿನಿಂದ ಮೇಲೆ ಬರುವ ಎರಡು ಪದಾರ್ಥ, ಹಸಿ ಕಡಲೆಕಾಯಿ ಮತ್ತು ಗೆಣಸು.

ಆಶ್ವಯುಜ, ಕಾರ್ತಿಕಗಳ ಈ ಋತುವಿಗೆ ಏನು ತಿನ್ನಬೇಕು ಎಂದು ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಹೇಳುತ್ತದೆ. ಮಳೆಗೆ ತಂಪಾಗಿದ್ದ ಮೈಗೆ ಒಮ್ಮೆಲೇ ಬಿಸಿಲು ತಾಗಿ ಪಿತ್ತ ಕೆರಳುತ್ತದೆ, ಆದ್ದರಿಂದ ಲಘುವಾದ, ಸಿಹಿ ಮತ್ತು ತುಸು ಕಹಿಯ ಆಹಾರ ಒಳ್ಳೆಯದು. ಎಣ್ಣೆ, ಕೊಬ್ಬು, ಮೊಸರು ಬೇಡ ಎಂಬುದು ಅದರ ಮಾತು. ನಾವು ಮಾಡುವುದೇನು? ನವರಾತ್ರಿಗೆ ಶುರುವಾದ ಬಾಣಲೆ ದೀಪಾವಳಿ ಮುಗಿಯುವ ತನಕ ಒಲೆಯಿಂದ ಇಳಿಯುವುದಿಲ್ಲ. ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿ ಬೇಡ ಎನ್ನುವಷ್ಟು ವೈರಾಗ್ಯ ನನಗೂ ಇಲ್ಲ. ಹಬ್ಬದ ದಿನ ಅವು ಇರಲಿ. ಹಬ್ಬವಲ್ಲದ ಸಂಜೆಗಳ ಮಾತು ನಾನು ಆಡುತ್ತಿರುವುದು.

ಉಸಲಿಗೆ ಕೆಟ್ಟ ಹೆಸರು ಬಂದಿದ್ದರೆ ಅದು ಬೇಯಿಸುವವರಿಂದ ಬಂದದ್ದು. ಗೋಲಿಯಂತೆ ಹಲ್ಲಿಗೆ ತಾಗುವ ಕಡಲೆಕಾಳು, ಇಲ್ಲವೇ ಮುದ್ದೆಯಾಗಿ ಕೂತ ಅಲಸಂದೆ, ಮೇಲೆ ಸೀದ ಒಗ್ಗರಣೆ. ಯಾವ ಮಗು ತಿಂದೀತು? ಉಸಲಿಯಲ್ಲಿ ಒಗ್ಗರಣೆಯದು ಕಾಲು ಪಾಲು. ಮುಕ್ಕಾಲು ಪಾಲು ಇರುವುದು ನೆನೆಸುವುದರಲ್ಲಿ, ಬೇಯಿಸುವುದರಲ್ಲಿ. ಸರಿಯಾಗಿ ಬೆಂದ ಕಾಳನ್ನು ಗುರುತಿಸುವುದು ಹೀಗೆ: ಒಂದು ಕಡಲೆಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಅದುಮಿ. ಒಳಗಿನ ಬೇಳೆ ಬೆಣ್ಣೆಯ ಹಾಗೆ ಹಿಸುಕಿಕೊಳ್ಳಬೇಕು, ಹೊರಗಿನ ಸಿಪ್ಪೆ ಮಾತ್ರ ಒಡೆಯದೆ ಉಳಿದಿರಬೇಕು. ಹಿಸುಕಿದಾಗ ನಡುವೆ ಸಣ್ಣ ಬಿಳಿ ಚುಕ್ಕೆ ಗಟ್ಟಿಯಾಗಿ ಉಳಿದರೆ ಇನ್ನೊಂದು ಕೂಗು ಬೇಕು.

ಕಡಲೆಕಾಳು, ಕಾಬೂಲಿ ಕಡಲೆ, ಒಣ ಬಟಾಣಿಗೆ ರಾತ್ರಿಯಿಡೀ ನೆನೆ ಬೇಕು, ಎಂಟರಿಂದ ಹತ್ತು ಗಂಟೆ. ಅಲಸಂದೆಗೆ ನಾಲ್ಕೈದು ಗಂಟೆ ಸಾಕು. ಹೆಸರುಕಾಳನ್ನು ಮಧ್ಯಾಹ್ನ ಊಟವಾದ ಮೇಲೆ ನೆನೆಹಾಕಿದರೂ ಸಂಜೆಗೆ ಸಿದ್ಧ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿ ಎಂದರೆ ಹಿರಿಯರು ಹೌಹಾರುತ್ತಾರೆ, ಉಪ್ಪು ಬಿದ್ದರೆ ಕಾಳು ಬೇಯುವುದಿಲ್ಲ ಎಂಬುದು ಅವರ ನಂಬಿಕೆ. ಆಗುವುದು ತಿರುಗಾಮುರುಗಾ. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಅದರಲ್ಲಿನ ಪೆಕ್ಟಿನ್. ಆ ಪೆಕ್ಟಿನ್ನಿಗೆ ಬಿಗಿ ಕೊಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ನುಗ್ಗಿದಾಗ ಸಿಪ್ಪೆ ಮೆತ್ತಗಾಗುತ್ತದೆ, ಸಿಡಿಯದೆ ಬೇಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದೆ ಸತಾಯಿಸುವುದಕ್ಕೂ ಇದೇ ಕಾರಣ, ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಧಾರಾಳ. ಕುಡಿಯುವ ನೀರಿನಲ್ಲೇ ನೆನೆಸಿ, ಬೇಯಿಸುವುದಕ್ಕೂ ಕುಡಿಯುವ ನೀರನ್ನೇ ಹಾಕಿ. ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದರೆ ಬೇಗ ಬೇಯುತ್ತದೆ, ನಿಜ. ಆದರೆ ಕಾಳಿನಲ್ಲಿರುವ ಬಿ1 ಜೀವಸತ್ವಕ್ಕೆ ಸೋಡಾ ಶತ್ರು, ಬಾಯಿಗೂ ಸೋಪಿನ ರುಚಿ. ನಾನಂತೂ ಮುಟ್ಟುವುದಿಲ್ಲ.

ನೆನೆಸಿದ ನೀರನ್ನು ಚೆಲ್ಲಿಬಿಡಿ. ಹೊಟ್ಟೆಯಲ್ಲಿ ವಾಯು ಎಬ್ಬಿಸುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು ಒಂದಷ್ಟು ಆ ನೀರಿಗೆ ಇಳಿದಿರುತ್ತವೆ. ಉಳಿದದ್ದಕ್ಕೆ ಇಂಗು, ಶುಂಠಿ ಇದ್ದೇ ಇವೆ. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬೇಡಿ. ಆ ಕಟ್ಟಿಗೆ ಹುಣಸೆಹಣ್ಣು, ಸಾರಿನ ಪುಡಿ ಬಿದ್ದರೆ ರಾತ್ರಿಯ ಸಾರು ಆಯಿತು. ಒಂದೇ ಪಾತ್ರೆಯಿಂದ ಸಂಜೆಯ ತಿಂಡಿ ಮತ್ತು ರಾತ್ರಿಯ ಊಟ, ಕೆಲಸಕ್ಕೆ ಹೋಗಿ ಬರುವವರಿಗೆ ಇದಕ್ಕಿಂತ ಸುಲಭ ಇನ್ನೇನು ಬೇಕು?

ಕಡಲೆಕಾಳಿಗೆ ಕುಕ್ಕರಿನಲ್ಲಿ ನಾಲ್ಕೈದು ಕೂಗು, ಆಮೇಲೆ ಒತ್ತಡ ತಾನಾಗಿ ಇಳಿಯಬೇಕು; ಅವಸರದಲ್ಲಿ ವೈಟ್ ಎತ್ತಿದರೆ ಸಿಪ್ಪೆ ಸಿಡಿಯುತ್ತದೆ. ಅಲಸಂದೆಗೆ ಒಂದೋ ಎರಡೋ. ಹೆಸರುಕಾಳನ್ನು ಕುಕ್ಕರಿಗೆ ಹಾಕುವುದು ಅದಕ್ಕೆ ಮಾಡುವ ಅನ್ಯಾಯ. ತೆರೆದ ಪಾತ್ರೆಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ, ಕಣ್ಣಳತೆಯಲ್ಲೇ ಬೇಯಬೇಕು. ಬಸಿದ ಮೇಲೆ ಜಾಲರಿಯಲ್ಲಿ ಐದು ನಿಮಿಷ ಬಿಡಿ, ಆವಿ ಆರಲಿ. ನೀರು ಉಳಿದ ಕಾಳಿಗೆ ಒಗ್ಗರಣೆ ಹಿಡಿಯುವುದೇ ಇಲ್ಲ, ಜಾರಿ ತಳ ಸೇರುತ್ತದೆ.

ಒಗ್ಗರಣೆಗೆ ಎರಡು ಚಮಚ ಎಣ್ಣೆ ನಾಲ್ಕು ಜನಕ್ಕೆ ಸಾಕು. ಸಾಸಿವೆ ಸಿಡಿಯಲಿ, ಉದ್ದಿನಬೇಳೆ ಕೆಂಪಾಗಲಿ, ಇಂಗು, ಕರಿಬೇವು, ಮುರಿದ ಬ್ಯಾಡಗಿ ಮೆಣಸಿನಕಾಯಿ ಬೀಳಲಿ. ಕಾಳು ಹಾಕಿ ಎರಡು ಸಲ ಮಗುಚಿ ಒಲೆ ಆರಿಸಿ. ತೆಂಗಿನತುರಿ ಬೀಳಬೇಕಾದದ್ದು ಒಲೆ ಆರಿಸಿದ ಮೇಲೆ, ಅದೂ ಚಿಪ್ಪಿನ ಕಂದು ಬಾರದಂತೆ ತುರಿದ ಬಿಳಿಯ ತುರಿ. ನಿಂಬೆಹಣ್ಣು ಕಟ್ಟಕಡೆಗೆ. ಹುಳಿ ಬೇಯುವಾಗಲೇ ಬಿದ್ದರೆ ಕಾಳು ಮತ್ತೆ ಬಿಗಿಯುತ್ತದೆ, ಕುದಿದರೆ ನಿಂಬೆ ಕಹಿಯೂ ಆಗುತ್ತದೆ. ಆ ನಿಂಬೆಗೆ ಬರೀ ರುಚಿಯ ಕೆಲಸವಲ್ಲ: ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಅದೇ ಉಸಲಿಯ ಜೊತೆಗೆ ಚಹಾ ಕುಡಿದರೆ ಅದರ ಟ್ಯಾನಿನ್ ಆ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಚಹಾ ಬಿಡಿ ಎಂದರೆ ಈ ಅಂಕಣವನ್ನೇ ಓದುವುದು ಬಿಟ್ಟಾರು. ಒಂದು ಗಂಟೆ ತಡೆದು ಕುಡಿಯಿರಿ ಎನ್ನಬಹುದಷ್ಟೆ.

ಒಣ ಕಡಲೆಕಾಳಿನಲ್ಲಿ ನೂರು ಗ್ರಾಮಿಗೆ ಸುಮಾರು 20 ಗ್ರಾಂ ಪ್ರೋಟೀನು. ಡಬ್ಬಿಯ ಪುಡಿಗೆ ಸಾವಿರಾರು ರೂಪಾಯಿ ಸುರಿಯುವವರು ಒಮ್ಮೆ ಮನೆಯ ಡಬ್ಬಿಯನ್ನೂ ತೆರೆದು ನೋಡಲಿ.

ಊರಿಗೊಂದು ರೀತಿ ಉಂಟು. ಮಂಗಳೂರು, ಉಡುಪಿ ಕಡೆ ಕಡ್ಲೆ ಉಸ್ಲಿಗೆ ಅವಲಕ್ಕಿ ಬೆರೆಸಿ ತಿನ್ನುತ್ತಾರೆ. ಕಾಳಿನ ಮೆತುವಿಗೂ ತೆಳು ಅವಲಕ್ಕಿಯ ಗರಿಗರಿಗೂ ಜೋಡಿ ಚೆನ್ನ, ತೆಂಗಿನೆಣ್ಣೆಯ ಒಗ್ಗರಣೆಯಾದರೆ ಇನ್ನೂ ಚೆನ್ನ. ಮದರಾಸಿನ ಸುಂಡಲ್ ಇದರ ಒಡಹುಟ್ಟು. ಮರೀನಾ ಕಡಲದಂಡೆಯಲ್ಲಿ ಬಟಾಣಿಗೆ ಮಾವಿನಕಾಯಿ ಚೂರು ಬೆರೆಸಿ ಮಾರುತ್ತಾರೆ. ಬೇಯಿಸುವ ಉಸಾಬರಿಯೇ ಬೇಡ ಎನ್ನುವವರಿಗೆ ಹೆಸರುಬೇಳೆ ಕೋಸಂಬರಿ ಇದೆ. ಗಂಟೆ ನೆನೆದ ಬೇಳೆ, ಸೌತೆಕಾಯಿ, ತುರಿ, ನಿಂಬೆ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ, ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ.

ಹುರುಳಿಕಾಳು ಮಾತ್ರ ಈಗ ಬೇಡ ಎಂಬುದು ನನ್ನ ಪಕ್ಷ. ಅದು ಉಷ್ಣದ ಕಾಳು ಎಂದು ಆಯುರ್ವೇದವೂ ಹೇಳುತ್ತದೆ, ಅಜ್ಜಿಯರೂ ಹೇಳುತ್ತಾರೆ. ಆಶ್ವಯುಜದ ಬಿಸಿಲಿಗೆ ಹೆಸರು, ಮಾರ್ಗಶಿರದ ಚಳಿಗೆ ಹುರುಳಿ.

ಇನ್ನು ಹಸಿ ಕಡಲೆಕಾಯಿ. ಚಳ್ಳಕೆರೆ, ಪಾವಗಡ, ಚಿಂತಾಮಣಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಜೂನ್, ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್ ಹೊತ್ತಿಗೆ ಕೀಳಲು ಬರುತ್ತದೆ. ಮಣ್ಣು ಅಂಟಿದ ಆ ಕಾಯಿ ಸಂತೆಗೆ ಬಂದ ವಾರದಲ್ಲೇ ತರಬೇಕು. ಒಣಗಿದ ಕಾಯಿ ಬೇಯಿಸಿದರೆ ಆ ಸಿಹಿ ಬರುವುದಿಲ್ಲ. ನಾಲ್ಕೈದು ನೀರಿನಲ್ಲಿ ತೊಳೆದು, ಸಮುದ್ರದ ನೀರಿನಷ್ಟು ಉಪ್ಪಾದ ನೀರಿನಲ್ಲಿ ಮುಳುಗಿಸಿ ಕುಕ್ಕರಿನಲ್ಲಿ ಮೂರು ಕೂಗು. ತೆಗೆದು ತಕ್ಷಣ ಬಸಿಯುವವರು ಅರ್ಧ ರುಚಿಯನ್ನು ಮೋರಿಗೆ ಸುರಿದಂತೆ: ಉಪ್ಪು ಸಿಪ್ಪೆ ದಾಟಿ ಬೀಜಕ್ಕೆ ಇಳಿಯುವುದು ಕಾಯಿ ಆರುವಾಗ. ಅರ್ಧ ಗಂಟೆ ಅದೇ ನೀರಿನಲ್ಲಿ ಬಿಡಿ. ಸಿಪ್ಪೆ ಒತ್ತಿದಾಗ ಬೆರಳಿಗೆ ಒಂದು ಹನಿ ಉಪ್ಪುನೀರು ಚಿಮ್ಮಿದರೆ ಸರಿಯಾಯಿತು. ಒಂದು ಎಚ್ಚರಿಕೆ: ಬೂಷ್ಟು ಹಿಡಿದ, ಸುಕ್ಕಿದ, ಕಹಿ ಬಂದ ಬೀಜವನ್ನು ನುಂಗಬೇಡಿ, ಉಗಿಯಿರಿ. ಮಳೆಗೆ ಸಿಕ್ಕ ಕಾಯಿಯಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಮತ್ತೆ, ಕಡಲೆಬೀಜದ ತೂಕದಲ್ಲಿ ಹತ್ತಿರ ಅರ್ಧ ಎಣ್ಣೆಯೇ. ಒಳ್ಳೆಯದೆಂದು ಸೇರುಗಟ್ಟಲೆ ತಿನ್ನುವ ವಸ್ತುವಲ್ಲ, ಬೊಗಸೆ ಲೆಕ್ಕದ್ದು.

ಗೆಣಸಿಗೆ ಬೆಳಗಾವಿ ಕಡೆಯ ಕೆಂಪು ಸಿಪ್ಪೆಯದು ನನಗೆ ಇಷ್ಟ. ಬೇಯಿಸಿದ್ದಕ್ಕಿಂತ ಕೆಂಡದಲ್ಲಿ ಸುಟ್ಟದ್ದು ಸಿಹಿ ಹೆಚ್ಚು ಏಕೆ ಎಂದರೆ, ಗೆಣಸಿನೊಳಗೇ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವಿದೆ. ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಕೆಲಸ ಜೋರು. ಬೂದಿಯಲ್ಲಿ ಹೂತ ಗೆಣಸು ಮೆಲ್ಲಗೆ ಬಿಸಿಯಾಗುತ್ತ ಆ ಶಾಖದಲ್ಲಿ ಬಹಳ ಹೊತ್ತು ಇರುತ್ತದೆ. ಕುಕ್ಕರಿನಲ್ಲಿ ಕ್ಷಣದಲ್ಲಿ ದಾಟಿಹೋಗುತ್ತದೆ, ಮೈಕ್ರೋವೇವಿನಲ್ಲಿ ಇನ್ನೂ ಬೇಗ. ಗ್ಯಾಸ್ ಒಲೆಯವರು ದಪ್ಪ ತಳದ ಬಾಣಲೆಯಲ್ಲಿ ಇಡಿಯಾಗಿಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ, ಆಗಾಗ ಹೊರಳಿಸಿ. ಸಿಪ್ಪೆಯಿಂದ ಅಂಟು ಪಾಕ ಒಸರಿ ಕಪ್ಪಾಗತೊಡಗಿದರೆ ಆಯಿತು. ಬೆಲ್ಲ, ತುಪ್ಪ ಏನೂ ಬೇಡ, ಒಂದು ಚಿಟಿಕೆ ಉಪ್ಪು ಹಚ್ಚಿದರೆ ಸಿಹಿ ಎದ್ದು ಬರುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಈ ಲೆಕ್ಕ ತಲೆಕೆಳಗು. ಸುಟ್ಟ ಗೆಣಸಿನ ಸಕ್ಕರೆ ರಕ್ತಕ್ಕೆ ಬೇಗ ಏರುತ್ತದೆ, ನೀರಿನಲ್ಲಿ ಬೇಯಿಸಿದ್ದು ನಿಧಾನ. ಅವರು ಬೇಯಿಸಿದ ಗೆಣಸಿನ ಎರಡು ಬಿಲ್ಲೆ ತಿಂದು, ಪಕ್ಕದ ತಟ್ಟೆಯ ಕಡಲೆಕಾಳು ಉಸಲಿಗೆ ಕೈ ಹಾಕಲಿ. ಅದರಲ್ಲೂ ಒಂದು ಬೊಗಸೆ ಮಿಕ್ಕಿದರೆ ನಾಳೆ ಬೆಳಿಗ್ಗೆ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ತರಿತರಿಯಾಗಿ ರುಬ್ಬಿ, ಕಾವಲಿಯ ಮೇಲೆ ತಟ್ಟಿ ಎರಡೂ ಕಡೆ ಬೇಯಿಸಿ; ಕಾಫಿಗೆ ಮುಂಚೆ ಖಾಲಿಯಾಗುತ್ತದೆ.